ಎಸ್.ಪಿ. ರಸ್ತೆಯಲ್ಲಿ ಒಂದು ಪರದೆ

ಬೆಂಗಳೂರನ್ನು ನೋಡಬಂದವರು ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡುತ್ತಾರೆ. ವಿಧಾನಸೌಧದ ಎದುರಿಗೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಬಸವನಗುಡಿಯ ದೊಡ್ಡ ಬಸವನಿಗೆ ಕೈಮುಗಿದು ಊರಿಗೆ ಮರಳುತ್ತಾರೆ. ಸಾದರ ಪತ್ರಪ್ಪ ರಸ್ತೆಯನ್ನು ನೋಡಲೆಂದೇ ಬಂದವರನ್ನು ನಾನಂತೂ ಕಂಡಿಲ್ಲ. ಈ ಪೂರ್ಣ ಹೆಸರನ್ನು ಹೇಳಿದರೆ ಆಟೋರಿಕ್ಷಾದವನೂ ಅರೆಕ್ಷಣ ಯೋಚಿಸುತ್ತಾನೆ. ಎಸ್.ಪಿ. ರಸ್ತೆ ಎಂದರೆ ಸಾಕು, "ಕಂಪ್ಯೂಟರ್ ಸಾಮಾನಾ ಸಾರ್?" ಎಂದು ಅವನೇ ಕೇಳುತ್ತಾನೆ. ಅಲ್ಲಿಗೆ ಹೋಗುವವರಿಗೆಲ್ಲ ಒಂದಲ್ಲ ಒಂದು ಕೆಲಸವಿರುತ್ತದೆ. ಕೆಲಸವಿಲ್ಲದೆ ಹೋದವನು ಎರಡು ನಿಮಿಷ ಒಂದೆಡೆ ನಿಂತರೆ ಹಿಂದಿನಿಂದ ಬಂದ ತಳ್ಳುಗಾಡಿ ಅವನಿಗೊಂದು ಕೆಲಸವನ್ನು ಒದಗಿಸುತ್ತದೆ!

ಆದರೂ ಈ ರಸ್ತೆ ನೋಡತಕ್ಕದ್ದೇ. ಅದರಲ್ಲಿಯೂ ಮನೆಯಲ್ಲಿ ಹನ್ನೆರಡರಿಂದ ಹದಿನೆಂಟರೊಳಗಿನ ಮಕ್ಕಳಿರುವವರು ಒಮ್ಮೆಯಾದರೂ ಇಲ್ಲಿ ಕಾಲಾಡಿಸಬೇಕು. ಏಕೆಂದರೆ ಇಂದಿನ ಮಕ್ಕಳು ಹುಟ್ಟುಹಬ್ಬಕ್ಕೆ ಕೇಳುವ ವಸ್ತುಗಳಲ್ಲಿ ಗೇಮಿಂಗ್ ಮಾನಿಟರ್ ಎಂಬುದೊಂದು ಸೇರಿಕೊಂಡಿದೆ. ಸೈಕಲ್ಲನ್ನು ಕೇಳಿದರೆ ತಂದೆಗೆ ಅರ್ಥವಾಗುತ್ತಿತ್ತು. ಕ್ರಿಕೆಟ್ ಬ್ಯಾಟನ್ನು ಕೇಳಿದರೆ ತಾನೇ ಒಮ್ಮೆ ಬೀಸಿ ನೋಡುತ್ತಿದ್ದನು. ಈ ಪರದೆಯ ವಿಷಯದಲ್ಲಿ ಮಾತ್ರ ಹಣ ಕೊಡುವವನಿಗೆ ಕೊಳ್ಳುವ ವಸ್ತುವಿನ ಗುಣಾವಗುಣಗಳೊಂದೂ ತಿಳಿಯದು.

ನನ್ನ ಭಾವಮೈದುನನ ಸ್ಥಿತಿಯೂ ಇದೇ ಆಗಿತ್ತು. ಅವನು ತುಮಕೂರಿನವನು. ಮಗನಿಗೆ ಹದಿನಾಲ್ಕು ವರ್ಷ. ಹಬ್ಬದ ಬೋನಸ್ಸಿನಲ್ಲಿ ತೆಗೆದಿರಿಸಿದ್ದ 12,000 ರೂಪಾಯಿಗಳೊಡನೆ ಒಂದು ಶನಿವಾರ ಬೆಳಗಿನ ರೈಲಿಗೆ ಬಂದಿಳಿದನು. ಹುಡುಗನಿಗೆ ಪರೀಕ್ಷೆಯಿದ್ದುದರಿಂದ ಅವನು ಬಂದಿರಲಿಲ್ಲ. ಅವನು ಬರೆದುಕೊಟ್ಟ ಚೀಟಿ ಮಾತ್ರ ತಂದೆಯ ಅಂಗಿಯ ಜೇಬಿನಲ್ಲಿತ್ತು. "24 ಇಂಚು. ಐಪಿಎಸ್. 144 ಹರ್ಟ್ಸ್. ಡಿಪಿ ಇರಬೇಕು" ಎಂದು ಮೇಲೆ ನಾಲ್ಕು ಸಾಲು. ಕೆಳಗೆ ಸ್ವಲ್ಪ ಚಿಕ್ಕ ಅಕ್ಷರದಲ್ಲಿ, "ದುಡ್ಡು ಜಾಸ್ತಿ ಆದ್ರೆ 100 ಹರ್ಟ್ಸ್ ಸಾಕು ಅಪ್ಪ" ಎಂದಿತ್ತು.

"ಮೇಲಿಂದು ಒಂದೂ ಗೊತ್ತಾಗ್ಲಿಲ್ಲ ಭಾವ, ಕೆಳಗಿಂದು ಮಾತ್ರ ಗೊತ್ತಾಯ್ತು. ಅದಕ್ಕೇ ಏನಾದ್ರೂ ಆಗ್ಲಿ, ಅವನು ಕೇಳಿದ್ದಕ್ಕಿಂತ ದೊಡ್ಡದನ್ನೇ ಕೊಡಿಸಿಬಿಡೋಣ ಅಂತಿದೀನಿ" ಎಂದನು. ಅವನ ಕಂಠ ಸ್ವಲ್ಪ ಗದ್ಗದವಾಗಿತ್ತು. ತಂದೆಯರ ಜೇಬು ಬರಿದಾಗುವುದು ಇಂಥ ಗಳಿಗೆಯಲ್ಲಿಯೇ.

ಪೇಟೆಯ ದಾರಿ

ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದ ಮೆಟ್ರೋ ಏರಿದರೆ ಮುಂದಿನ ನಿಲ್ದಾಣ ಚಿಕ್ಕಪೇಟೆ, ಅದರ ಮುಂದಿನದು ಕೃಷ್ಣರಾಜೇಂದ್ರ ಮಾರುಕಟ್ಟೆ. 2017ರ ಜೂನ್ ತಿಂಗಳಲ್ಲಿ ಈ ನೆಲದಡಿಯ ಮಾರ್ಗ ತೆರೆದ ಮೇಲೆ ಪೇಟೆಗೆ ಹೋಗುವವರ ಕಷ್ಟ ಅರ್ಧ ಕಡಿಮೆಯಾಗಿದೆ. ಮಾರುಕಟ್ಟೆಯ ನಿಲ್ದಾಣದಲ್ಲಿಳಿದು, ಹೂವಿನ ಪರಿಮಳವನ್ನೂ ಬಸ್ಸುಗಳ ಹೊಗೆಯನ್ನೂ ಒಂದೇ ಉಸಿರಿನಲ್ಲಿ ಸೇವಿಸುತ್ತ, ಪುರಭವನದ ದಿಕ್ಕಿಗೆ ನಡೆಯುತ್ತ ಬಂದರೆ ಎಸ್.ಪಿ. ರಸ್ತೆ ದೂರವಿಲ್ಲ. 1935ರಲ್ಲಿ ಕಟ್ಟಿ ಮುಗಿಸಿದ ಪುಟ್ಟಣ್ಣಚೆಟ್ಟಿ ಪುರಭವನದ ಎತ್ತರವಾದ ಕಂಬಗಳೇ ಇಲ್ಲಿ ದಾರಿಗರಿಗೆ ಗುರುತು.

ಕೆಂಪೇಗೌಡನು 1537ರಲ್ಲಿ ಕಟ್ಟಿದನೆಂದು ಹೇಳುವ ಪೇಟೆಯ ಮಗ್ಗುಲು ಇದು. ಹಳೆಯ ಬೆಂಗಳೂರಿನಲ್ಲಿ ಒಂದೊಂದು ಕಸಬಿಗೆ ಒಂದೊಂದು ಪೇಟೆ: ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಗಾಣದವರಿಗೆ ಗಾಣಿಗರಪೇಟೆ, ಕುಂಬಾರರಿಗೆ ಕುಂಬಾರಪೇಟೆ. ಸಮೀಪದಲ್ಲಿಯೇ ನಗರ್ತಪೇಟೆ, ತಿಗಳರಪೇಟೆಯಲ್ಲಿ ಧರ್ಮರಾಯಸ್ವಾಮಿಯ ಗುಡಿ. ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಹೊರಡುವುದು ಈ ಗುಡಿಯಿಂದಲೇ. ಇಂಥ ನೆರೆಹೊರೆಯಲ್ಲಿ ಕಂಪ್ಯೂಟರಿನ ಅಂಗಡಿಗಳು ಸಾಲಾಗಿ ಕುಳಿತಿರುವುದು ಮೊದಲಿಗೆ ಅಸಂಗತವೆನ್ನಿಸುತ್ತದೆ. ಸ್ವಲ್ಪ ಯೋಚಿಸಿದರೆ ಇದೂ ಹಳೆಯ ಕ್ರಮದ ಮುಂದುವರಿಕೆಯೇ. ಒಂದು ಕಸಬಿನವರೆಲ್ಲ ಒಂದೆಡೆ ಸೇರಿದರೆ ಕೊಳ್ಳುವವನಿಗೆ ನಾಲ್ಕು ಅಂಗಡಿಗಳ ಬೆಲೆಯನ್ನು ನಾಲ್ಕು ಹೆಜ್ಜೆಯಲ್ಲಿ ಹೋಲಿಸುವ ಅನುಕೂಲ ದೊರೆಯುತ್ತದೆ. ಹೊಸ ಕಸಬು ಬಂದಿತು. ಅದಕ್ಕೊಂದು ಪೇಟೆ ತಾನಾಗಿ ಹುಟ್ಟಿತು. ಪೇಟೆ ಎಂಬ ಹೆಸರನ್ನು ಇಡುವುದನ್ನು ಮಾತ್ರ ಜನ ಮರೆತರು.

ರಸ್ತೆ ಅಗಲವಾದುದಲ್ಲ. ಎರಡು ಕಡೆಗೂ ನಿಲ್ಲಿಸಿದ ದ್ವಿಚಕ್ರ ವಾಹನಗಳು, ನಡುವೆ ಸರಕಿನ ಆಟೋ, ಅದರ ನಡುವೆ ತಲೆಯ ಮೇಲೆ ನಾಲ್ಕು ಪೆಟ್ಟಿಗೆ ಹೊತ್ತ ಆಳು. ಒಂದು ಅಂಗಡಿಯಲ್ಲಿ ತಂತಿಯನ್ನು ಮೀಟರಿನ ಲೆಕ್ಕದಲ್ಲಿ ಅಳೆಯುತ್ತಿದ್ದರೆ, ಪಕ್ಕದಲ್ಲಿ ಕಳ್ಳರನ್ನು ಕಾಯುವ ಕ್ಯಾಮೆರಾಗಳು ಮಾವಿನಕಾಯಿಯ ಗೊಂಚಲಿನಂತೆ ತೂಗುತ್ತಿರುತ್ತವೆ. ಮೆಟ್ಟಿಲಿನ ಕೆಳಗಿನ ಮೂರಡಿ ಜಾಗದಲ್ಲಿ ಒಬ್ಬ ತರುಣ ಭೂತಗನ್ನಡಿಯಿಟ್ಟುಕೊಂಡು ಬೆಸುಗೆ ಹಾಕುತ್ತಿದ್ದನು. ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಕೈಯಲ್ಲಿ ಪಟ್ಟಿ ಹಿಡಿದು ಹತ್ತು ರೂಪಾಯಿಯ ಬಿಡಿಭಾಗಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದರು. ಭಾನುವಾರ ಇಲ್ಲಿ ಬಹುಪಾಲು ಅಂಗಡಿಗಳಿಗೆ ರಜೆ. ಶನಿವಾರ ಮಧ್ಯಾಹ್ನದ ಮೇಲೆ ಕಾಲಿಡಲು ಸ್ಥಳವಿರುವುದಿಲ್ಲ. ಹನ್ನೊಂದರ ಸುಮಾರಿಗೆ ಹೋದರೆ ಅಂಗಡಿಯವನಿಗೂ ಮಾತನಾಡಲು ಬಿಡುವಿರುತ್ತದೆ.

ಮೂರು ಅಂಗಡಿಗಳು

ಮೊದಲನೆಯ ಅಂಗಡಿಯಲ್ಲಿ ಬಾಗಿಲಿಗೇ ಒಂದು ಪರದೆಯನ್ನು ಇರಿಸಿದ್ದರು. 27 ಅಂಗುಲದ್ದು, ಬಿಲ್ಲಿನಂತೆ ಒಳಕ್ಕೆ ಬಾಗಿದ್ದು. ಅದರಲ್ಲಿ ಯಾವುದೋ ಸಮುದ್ರದ ಮೀನುಗಳು ಸಾಕ್ಷಾತ್ ಬಂದು ಮುಖಕ್ಕೆ ಮುತ್ತಿಡುವಂತೆ ಈಜುತ್ತಿದ್ದವು. ಬೆಲೆ 17,500 ರೂಪಾಯಿ. ಭಾವಮೈದುನ ಅಲ್ಲಿಯೇ ನಿಂತುಬಿಟ್ಟನು. "ಮಿಕ್ಕ ದುಡ್ಡು ನಿಮ್ಮ ಹತ್ರ ಇಸ್ಕೊಂಡು ಮುಂದಿನ ತಿಂಗಳು ಕೊಡ್ತೀನಿ" ಎಂದು ನನ್ನ ಕಿವಿಯಲ್ಲಿ ಹೇಳಿದನು. ಕೊಡಲು ನನಗೇನೂ ಅಡ್ಡಿಯಿರಲಿಲ್ಲ. ಆದರೆ ಇನ್ನೆರಡು ಅಂಗಡಿಗಳನ್ನು ನೋಡಿ ಬರೋಣವೆಂದು ಅವನನ್ನು ಹೊರಡಿಸಿದೆನು.

ಎರಡನೆಯ ಅಂಗಡಿಯವನು ಚೀಟಿಯನ್ನು ಓದಿ ಅದರಂತೆಯೇ ಒಂದನ್ನು ತೋರಿಸಿದನು. ಬೆಲೆ ಕೇಳಿದಾಗ, "ಬಿಲ್ ಬೇಕಾ, ಬೇಡವಾ?" ಎಂದು ಪ್ರತಿಪ್ರಶ್ನೆ ಹಾಕಿದನು. ಬಿಲ್ಲಿಲ್ಲದಿದ್ದರೆ ಸಾವಿರದಷ್ಟು ಕಡಿಮೆಯಂತೆ. ಈ ಪ್ರಲೋಭನೆಗೆ ಸಿಕ್ಕುವವರು ಬಹಳ. ಆದರೆ ಪರದೆಗೆ ತಯಾರಕರು ಕೊಡುವ ವಾರಂಟಿ ಹಲವು ಸಲ ಮೂರು ವರ್ಷದ್ದು. ಎರಡನೆಯ ವರ್ಷದಲ್ಲಿ ಪರದೆಯ ಮೇಲೆ ಗೆರೆ ಮೂಡಿದಾಗ ಕೇಳುವ ಮೊದಲ ಕಾಗದ ಬಿಲ್ಲೇ. ಅದಿಲ್ಲದೆ ಉಳಿಸಿದ ಸಾವಿರ ಉಳಿತಾಯವೆನ್ನಿಸಲಾರದು. ಅಲ್ಲಿಂದಲೂ ಹೊರಬಿದ್ದೆವು.

ಮೂರನೆಯದು ಒಂದು ಹಳೆಯ ಕಟ್ಟಡದ ಮೊದಲನೆಯ ಮಹಡಿಯಲ್ಲಿತ್ತು. ಯಜಮಾನರು ವಯಸ್ಸಾದವರು, ರಾಜಸ್ಥಾನದ ಮೂಲದವರು, ಪೇಟೆಯಲ್ಲಿಯೇ ಹುಟ್ಟಿ ಬೆಳೆದುದರಿಂದ ಕನ್ನಡ ನೀರಿನಂತೆ ಹರಿಯುತ್ತಿತ್ತು. ಅವರು ನಮಗೆ ಕುರ್ಚಿ ಕೊಟ್ಟು, ಚೀಟಿಯನ್ನು ನೋಡಿ, ಯಾವ ಪರದೆಯನ್ನೂ ತೋರಿಸದೆ ಕೇಳಿದರು: "ಹುಡುಗನ ಹತ್ರ ಇರೋ ಕಂಪ್ಯೂಟರ್ ಯಾವುದು ಸಾರ್? ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಯಾವುದಿದೆ?"

ನಾವು ಮುಖ ಮುಖ ನೋಡಿಕೊಂಡೆವು. ಶಾಲೆಯ ವಿರಾಮಕ್ಕೆ ಕಾದು ಹುಡುಗನ ತಾಯಿಯ ಮೂಲಕ ವಿಚಾರಿಸಿದ್ದಾಯಿತು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠಕ್ಕೆಂದು ಕೊಂಡ ಯಂತ್ರ. ಆಮೇಲೆ ಅಜ್ಜಿ ಕೊಟ್ಟ ಹಬ್ಬದ ಹಣವನ್ನು ಕೂಡಿಟ್ಟು ಹುಡುಗ ಯಾರಿಂದಲೋ ಕೊಂಡು ಹಾಕಿಸಿಕೊಂಡಿದ್ದ ಜಿಟಿಎಕ್ಸ್ 1650 ಎಂಬ ಕಾರ್ಡು. ಯಜಮಾನರು ತಲೆದೂಗಿದರು. "ಹಾಗಾದ್ರೆ ಹುಡುಗ ಸರಿಯಾಗೇ ಬರೆದಿದಾನೆ. ಇದಕ್ಕಿಂತ ದೊಡ್ಡದು ತಗೊಂಡ್ರೆ ನಿಮ್ಮ ದುಡ್ಡೂ ಹೋಗುತ್ತೆ, ಅವನ ಆಟಾನೂ ಕೆಡುತ್ತೆ."

ಚೀಟಿಯ ಅರ್ಥ

ಮುಂದಿನ ಅರ್ಧ ಗಂಟೆಯಲ್ಲಿ ನಾವು ತಿಳಿದುಕೊಂಡುದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಪರದೆಯ ಚಿತ್ರವೆಂಬುದು ಅಸಂಖ್ಯ ಬಿಂದುಗಳ ರಂಗೋಲಿ. ಸಾಮಾನ್ಯ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳು. ಆ ಬಾಗಿದ ದೊಡ್ಡ ಪರದೆಯಲ್ಲಿ 2560ಕ್ಕೆ 1440ರಂತೆ 36,86,400. ಆಟ ನಡೆಯುವಾಗ ಕಂಪ್ಯೂಟರು ಪ್ರತಿ ಚಿತ್ರದಲ್ಲಿಯೂ ಇಷ್ಟು ಬಿಂದುಗಳಿಗೆ ಬಣ್ಣ ತುಂಬಬೇಕು. ಅಂದರೆ ದೊಡ್ಡದಕ್ಕೆ ಮುಕ್ಕಾಲು ಪಾಲಿಗೂ ಮೀರಿ ಹೆಚ್ಚು ದುಡಿಮೆ. ಹುಡುಗನ ಕಾರ್ಡು ಬಡ ಎತ್ತು. ದೊಡ್ಡ ಗಾಡಿ ಕಟ್ಟಿದರೆ ಏರಿನಲ್ಲಿ ನಿಂತುಬಿಡುತ್ತದೆ. ಇನ್ನು 27 ಅಂಗುಲದ ಪರದೆಯನ್ನೇ 1080ರ ಬಿಂದುಗಳೊಡನೆ ಕೊಂಡರೆ? ಆಗ ಅಂಗುಲಕ್ಕೆ ಸುಮಾರು 82 ಬಿಂದುಗಳಷ್ಟೇ. 24 ಅಂಗುಲದಲ್ಲಿಯಾದರೆ ಸುಮಾರು 92. ಮೇಜಿನ ಮುಂದೆ ಹತ್ತಿರ ಕುಳಿತವನಿಗೆ ದೊಡ್ಡದರಲ್ಲಿ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. 24 ಅಂಗುಲ ಎಂದು ಮಾರುವ ಪರದೆಗಳು ಸಾಮಾನ್ಯವಾಗಿ 23.8 ಅಂಗುಲದವು, ಅದರಲ್ಲಿ ಮೋಸವೇನಿಲ್ಲ.

ಹರ್ಟ್ಸ್ ಎಂದರೆ ಪರದೆ ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬ ಲೆಕ್ಕ. ನಾವು ಟೆಂಟಿನಲ್ಲಿ ಕುಳಿತು ನೋಡಿದ ಚಲನಚಿತ್ರಗಳಿಗೆ ಸೆಕೆಂಡಿಗೆ 24 ಚಿತ್ರಗಳು ಸಾಕಾಗಿದ್ದವು. ಅಲ್ಲಿ ನಾವು ಬರಿಯ ಪ್ರೇಕ್ಷಕರು. ಆಟದಲ್ಲಿ ಹುಡುಗನೇ ಪಾತ್ರಧಾರಿ. ಅವನು ಕೈ ಆಡಿಸಿದೊಡನೆ ಚಿತ್ರ ತಿರುಗಬೇಕು. 60 ಹರ್ಟ್ಸಿನ ಪರದೆ ಒಂದೊಂದು ಚಿತ್ರವನ್ನು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 17 ಭಾಗದ ಕಾಲ ಹಿಡಿದಿರುತ್ತದೆ. 144ರದು 7 ಭಾಗ. ಹತ್ತು ಭಾಗದ ಈ ಅಂತರ ಆಡುವವರ ಕಣ್ಣಿಗೂ ಕೈಗೂ ತಿಳಿಯುತ್ತದೆ. ಆದರೆ 144ರಿಂದ 240ಕ್ಕೆ ಹೋದರೆ ದೊರೆಯುವ ಲಾಭ ಮೂರು ಭಾಗಕ್ಕೂ ಕಡಿಮೆ. ಬೆಲೆ ಮಾತ್ರ ಹಾಗೆ ಸಣ್ಣ ಹೆಜ್ಜೆಯಿಡುವುದಿಲ್ಲ! ಅಲ್ಲದೆ ಕಾರ್ಡು ಸೆಕೆಂಡಿಗೆ ಅಷ್ಟು ಚಿತ್ರಗಳನ್ನು ತಯಾರಿಸಿ ಕೊಟ್ಟರಲ್ಲವೆ ಪರದೆ ತೋರಿಸುವುದು? ಹುಡುಗ ಆಡುವ ವ್ಯಾಲೊರೆಂಟ್ ಹಗುರವಾದ ಆಟವಾದುದರಿಂದ ಅವನ ಕಾರ್ಡು ನೂರಕ್ಕೂ ಮೀರಿ ಚಿತ್ರಗಳನ್ನು ಕೊಡಬಲ್ಲದು. ಭಾರವಾದ ಆಟಗಳಲ್ಲಿ ಅರುವತ್ತೂ ಕಷ್ಟ.

ಐಪಿಎಸ್ ಎಂಬುದು ಪರದೆಯ ಜಾತಿ. ಟಿಎನ್ ಎಂಬ ಹಳೆಯ ಜಾತಿಯದು ಚುರುಕು. ಆದರೆ ಪಕ್ಕದಿಂದ ನೋಡಿದರೆ ಬಣ್ಣ ಮಾಸುತ್ತದೆ. ವಿಎ ಜಾತಿಯಲ್ಲಿ ಕಪ್ಪು ನಿಜವಾಗಿ ಕಪ್ಪೇ. ಆದರೆ ಅಗ್ಗದವುಗಳಲ್ಲಿ, ಕತ್ತಲ ದೃಶ್ಯ ಬೇಗ ಸರಿದಾಗ ಕಾಡಿಗೆ ಒರೆಸಿದಂತೆ ಕಾಣುವುದುಂಟು. ಐಪಿಎಸ್‌ನಲ್ಲಿ ಕಪ್ಪು ತುಸು ಬೂದಾದರೂ ಬಣ್ಣ ಎಲ್ಲ ಕಡೆಯಿಂದಲೂ ಸಮ. ಆಟಕ್ಕೂ ಪಾಠಕ್ಕೂ ಆದೀತು.

ಡಿಪಿ ಎಂದರೆ ಡಿಸ್‌ಪ್ಲೇ ಪೋರ್ಟ್, ತಂತಿ ಸಿಕ್ಕಿಸುವ ಒಂದು ಕಂಡಿ. ಕಾರ್ಡಿನ ವೇಗಕ್ಕೆ ತಕ್ಕಂತೆ ಪರದೆ ತನ್ನ ತಾಳವನ್ನು ಹೊಂದಿಸಿಕೊಳ್ಳುವ ಒಂದು ಏರ್ಪಾಡಿದೆ; ಅದಿಲ್ಲದಿದ್ದರೆ ಚಿತ್ರ ನಡುವೆ ಹರಿದಂತೆ ಕಾಣುತ್ತದೆ. ಎನ್ವಿಡಿಯಾ ಕಾರ್ಡಿನವರು ಈ ಸೌಕರ್ಯಕ್ಕೆ ಡಿಸ್‌ಪ್ಲೇ ಪೋರ್ಟನ್ನು ಬಳಸುವುದೇ ಕ್ಷೇಮ. ಅಗ್ಗದ ಪರದೆಗಳ ಪೆಟ್ಟಿಗೆಯಲ್ಲಿ ಈ ತಂತಿ ಇಲ್ಲದಿರುವುದೂ ಉಂಟು, ಮೊದಲೇ ವಿಚಾರಿಸಬೇಕು.

ಇನ್ನು ಪೆಟ್ಟಿಗೆಯ ಮೇಲಿನ ದೊಡ್ಡಕ್ಷರಗಳು. "1 ಎಂಎಸ್" ಎಂಬುದನ್ನು ಬೇರೆ ಬೇರೆ ಬಗೆಯಲ್ಲಿ ಅಳೆಯುತ್ತಾರೆ; ಹಿಂಬೆಳಕನ್ನು ಮಿಟುಕಿಸಿ ಪಡೆದ ಅಂಕಿಯನ್ನು ಬಣ್ಣ ಬದಲಾಗುವ ವೇಗದ ಅಂಕಿಯೊಡನೆ ಹೋಲಿಸಲಾಗದು. "ಎಚ್‌ಡಿಆರ್" ಎಂಬುದು ಈ ಬೆಲೆಯಲ್ಲಿ ಬಹುಮಟ್ಟಿಗೆ ಹೆಸರಿಗೆ ಮಾತ್ರ. ಆ ವಿಷಯದಲ್ಲಿ ವೇಸಾ ಸಂಸ್ಥೆಯ ಆರಂಭದ ದರ್ಜೆಗೇ 400 ನಿಟ್‌ಗಳ ಬೆಳಕು ಬೇಕು; ಅಗ್ಗದ ಪರದೆಗಳಲ್ಲಿರುವುದು 250ರಿಂದ 300. ಈ ಎರಡು ಮಾತುಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಬೆಲೆಯ ನಿರ್ಧಾರ

ಯಜಮಾನರು ಎರಡು ಪರದೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಇರಿಸಿದರು. ಎರಡೂ 24 ಅಂಗುಲ, ಎರಡೂ ಐಪಿಎಸ್. ಒಂದು 100 ಹರ್ಟ್ಸ್, 7,600 ರೂಪಾಯಿ; ಇನ್ನೊಂದು 180 ಹರ್ಟ್ಸ್, 10,800. ಚೀಟಿಯಲ್ಲಿದ್ದ 144ರದು ಆ ದಿನ ಅವರಲ್ಲಿ ಮುಗಿದಿತ್ತು. 180ರದು ಅದಕ್ಕಿಂತ ಹೆಚ್ಚಿನ ಬೆಲೆಯದೂ ಅಲ್ಲವೆಂದರು.

ಭಾವಮೈದುನ ಮೊದಲನೆಯದನ್ನೇ ಬಹಳ ಹೊತ್ತು ನೋಡಿದನು. "ನೂರು ಸಾಕು ಅಂತ ಅವನೇ ಬರೆದಿದಾನಲ್ಲ ಭಾವ?" ಎಂದನು. ಅರ್ಧ ಗಂಟೆಯ ಹಿಂದೆ ಸಾಲ ಮಾಡಿ 17,500 ಕೊಡಲು ಹೊರಟಿದ್ದವನು ಈಗ 7,600ಕ್ಕೆ ಇಳಿದಿದ್ದನು. ತಿಳಿವಳಿಕೆ ಬಂದಾಗ ಮನಸ್ಸು ಹೀಗೆ ಒಂದು ತುದಿಯಿಂದ ಇನ್ನೊಂದಕ್ಕೆ ಜಾರುವುದು ಸ್ವಾಭಾವಿಕ. ನೂರು ಹರ್ಟ್ಸಿನದೂ ಕೆಟ್ಟದ್ದಲ್ಲ. ಪಾಠ, ಸಿನಿಮಾ, ನಿಧಾನದ ಆಟಗಳಿಗೆ ಅದು ಧಾರಾಳ; ಜೇಬಿನಲ್ಲಿ ಎಂಟು ಸಾವಿರವೇ ಇದ್ದರೆ ಅದನ್ನು ಕೊಂಡು ನೆಮ್ಮದಿಯಿಂದ ಮನೆಗೆ ಹೋಗಬಹುದು.

"ಅವನು ಸಾಕು ಅಂತ ಬರೆದದ್ದು ನಿನ್ನ ಜೇಬು ನೋಡಿ, ಬೇಕು ಅಂತ ಬರೆದದ್ದು ಮೇಲಿನ ಸಾಲು. ನಿನ್ನ ಹತ್ರ ಹನ್ನೆರಡು ಸಾವಿರ ಇದೆಯಲ್ಲ?" ಎಂದೆನು. ಅವನು ಚೀಟಿಯನ್ನು ಮತ್ತೊಮ್ಮೆ ತೆಗೆದು ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡನು. ಆಮೇಲೆ ಚೌಕಾಸಿಗೆ ಕುಳಿತನು. ಹತ್ತು ನಿಮಿಷದ ಮಾತುಕತೆಯ ನಂತರ 10,300ಕ್ಕೆ ಒಪ್ಪಂದವಾಯಿತು, ಬಿಲ್ಲಿನೊಡನೆ. ಅದರಲ್ಲಿ ಶೇಕಡಾ 18ರ ತೆರಿಗೆಯೇ 1,571 ರೂಪಾಯಿ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಗಳನ್ನು ಯಜಮಾನರು ತಾವೇ ಮಾಡಿ ತೋರಿಸಿದರು. ಪರದೆಯ ತುಂಬ ಕಪ್ಪು, ಬಿಳುಪು, ಕೆಂಪು, ಹಸಿರು, ನೀಲಿಗಳನ್ನು ಒಂದೊಂದಾಗಿ ತುಂಬಿದರೆ ಸತ್ತ ಬಿಂದುಗಳು ಚುಕ್ಕೆಯಂತೆ ಎದ್ದು ಕಾಣುತ್ತವೆ. ಮನೆಗೆ ಹೋದ ಮೇಲೆ ಒಂದೆರಡು ಚುಕ್ಕೆ ಕಂಡರೆ ಬದಲಾಯಿಸಿಕೊಡುವರೆಂಬ ಭರವಸೆಯಿಲ್ಲ. ಎಷ್ಟು ಚುಕ್ಕೆಗಳಿದ್ದರೆ ದೋಷವೆನ್ನಬೇಕೆಂಬ ನಿಯಮ ತಯಾರಕರಿಂದ ತಯಾರಕರಿಗೆ ಬೇರೆ. ಪೆಟ್ಟಿಗೆಯ ಮೇಲಿನ, ಪರದೆಯ ಬೆನ್ನಿನ, ಬಿಲ್ಲಿನ ಕ್ರಮಸಂಖ್ಯೆಗಳು ಮೂರೂ ಒಂದೇ ಆಗಿರಬೇಕು. ಬೆನ್ನಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತೂ "ಆರ್" ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರುತ್ತವೆ; ಬ್ಯೂರೋದ "ಬಿಐಎಸ್ ಕೇರ್" ಆ್ಯಪಿನಲ್ಲಿ ಅದು ನಿಜವೇ ಎಂದು ನೋಡಬಹುದು. ಈ ಬೆಲೆಯ ಪರದೆಗಳ ಕಾಲು ಸಾಮಾನ್ಯವಾಗಿ ಎತ್ತರ ಬದಲಾಯಿಸುವಂಥದಲ್ಲ; ಹಿಂದಕ್ಕೂ ಮುಂದಕ್ಕೂ ಬಾಗುತ್ತದೆ, ಅಷ್ಟೆ. ಅಡಿಯಲ್ಲೊಂದು ಮರದ ಮಣೆ ಇಟ್ಟು ಪರದೆಯ ಮೇಲಂಚು ಹುಡುಗನ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ, ಅವನನ್ನು ಒಂದು ತೋಳಿನಷ್ಟು ದೂರ ಕೂರಿಸಿದರೆ ಸರಿ.

ಡಿಸ್‌ಪ್ಲೇ ಪೋರ್ಟಿನ ತಂತಿಗೆ 350. ವಿದ್ಯುತ್ತಿನ ಏರಿಳಿತದಿಂದ ಕಾಯುವ ಸ್ಪೈಕ್ ಗಾರ್ಡಿಗೆ 650. ಒಟ್ಟು 11,300. ಉಳಿದ 700 ರೂಪಾಯಿಯಲ್ಲಿ ನಾವು ಊಟ ಮಾಡಿ ಕಾಫಿ ಕುಡಿದ ಮೇಲೂ ರೈಲಿನ ಟಿಕೀಟಿಗೆ ಹಣ ಮಿಕ್ಕಿತು. ಅಂತರ್ಜಾಲದ ಹಬ್ಬದ ಮಾರಾಟಗಳಲ್ಲಿ ಕೆಲವು ನೂರು ಅಗ್ಗವಾಗಿ ಸಿಗುವುದುಂಟು. ಅಲ್ಲಿ "ಹುಡುಗನ ಹತ್ರ ಇರೋ ಕಂಪ್ಯೂಟರ್ ಯಾವುದು?" ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಮನೆಯಲ್ಲಿಯೇ ಕೇಳಿಕೊಂಡವರಿಗೆ ಎಲ್ಲಿ ಕೊಂಡರೂ ನಷ್ಟವಿಲ್ಲ. ಅಳತೆಯಿಲ್ಲದೆ ಮಗನಿಗೆ ಷರಾಯಿ ಹೊಲಿಸುವ ತಂದೆಯುಂಟೆ? ಮಕ್ಕಳಿಗೆ ತಿಳಿಯದಂತೆ ತಂದು ಬೆರಗುಗೊಳಿಸಬೇಕೆಂಬ ಆಸೆಯನ್ನು ಈ ವಸ್ತುವಿನಲ್ಲಿ ಬಿಡುವುದು ಒಳ್ಳೆಯದು.

ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕೆಂದು ಯಜಮಾನರು ಎರಡು ಸಲ ಹೇಳಿದ್ದರು. ಭಾವಮೈದುನ ಅದನ್ನು ರೈಲಿನಲ್ಲಿ ಮೊಣಕಾಲುಗಳ ನಡುವೆ ಹಿಡಿದುಕೊಂಡು ಕುಳಿತನು. ಅವರು ಹೇಳಿದ್ದ ಇನ್ನೊಂದು ಮಾತನ್ನು ಚೀಟಿಯ ಬೆನ್ನಿಗೆ ನಾನೇ ಬರೆದು ಕೊಟ್ಟಿದ್ದೆನು: ಹೊಸ ಪರದೆಯನ್ನು ಹಚ್ಚಿದರೂ ಕಂಪ್ಯೂಟರು ಬಹಳ ಸಲ ಹಳೆಯ 60ರಲ್ಲಿಯೇ ಉಳಿದಿರುತ್ತದೆ, ವಿಂಡೋಸಿನ ಡಿಸ್‌ಪ್ಲೇ ವ್ಯವಸ್ಥೆಗೆ ಹೋಗಿ 180 ಎಂದು ಬದಲಾಯಿಸಬೇಕು. ಹಣ ಕೊಟ್ಟೂ ಇದನ್ನು ಮಾಡದೆ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಹಳೆಯ ವೇಗದಲ್ಲಿಯೇ ಆಡುತ್ತಿರುತ್ತಾರಂತೆ.

ರಾತ್ರಿ ಒಂಬತ್ತಕ್ಕೆ ದೂರವಾಣಿ ಬಂದಿತು. ಮೊದಲು ಹುಡುಗ, "ಮಾವ, 144 ಕೇಳಿದ್ದೆ, 180 ಬಂದಿದೆ!" ಎಂದು ಕೂಗಿದನು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು, ಸಂಜೆ ಬಯಲಿನಲ್ಲಿ ಆಡುವುದನ್ನು ತಪ್ಪಿಸಬಾರದು ಎಂದು ತಾಯಿ ಆಗಲೇ ಕರಾರು ಬರೆಸಿಕೊಂಡಿದ್ದಳಂತೆ. ಆಮೇಲೆ ತಂದೆ ದೂರವಾಣಿಯನ್ನು ತೆಗೆದುಕೊಂಡನು.

"ಅರವತ್ತರಲ್ಲಿ ಒಂದ್ಸಲ, ನೂರೆಂಬತ್ತರಲ್ಲಿ ಒಂದ್ಸಲ ಇಟ್ಟು ತೋರಿಸ್ದ ಭಾವ. ನಂಗೇನೂ ವ್ಯತ್ಯಾಸ ಕಾಣಿಸ್ಲಿಲ್ಲ" ಎಂದು ದನಿ ತಗ್ಗಿಸಿ ಹೇಳಿದನು. "ಆದ್ರೂ ಕಾಣ್ತು ಅಂದೆ. ಇನ್ನೊಂದ್ಸಲ ಸರಿಯಾಗಿ ತೋರಿಸ್ತೀನಿ ಅಂತ ಪಕ್ಕದಲ್ಲೇ ಕುರ್ಚಿ ಹಾಕಿದಾನೆ."